ಕಾವಿಯ ಗೋಡೆ, ಎಡೊದ ಹಲಗೆ

ಕಾರವಾರ ಎಂಬ ಇಂದಿನ ಪಟ್ಟಣ ಇನ್ನೂ ತಲೆಯೆತ್ತದ ಕಾಲವದು. ಕಾಳಿ ನದಿಯ ಒಳದಂಡೆಯ ಕಡವಾಡವೇ ಆಗಿನ ರೇವು. ಘಟ್ಟದಿಂದ ಇಳಿದ ಕಾಳುಮೆಣಸು, ಬಯಲುಸೀಮೆಯಿಂದ ಬಂದ ನವಿರು ಬಟ್ಟೆ ಅಲ್ಲಿ ಹಡಗೇರುತ್ತಿದ್ದವು. ದಕ್ಷಿಣಕ್ಕೆ ಗಂಗಾವಳಿಯ ಈಚೆ ಅಂಕೋಲೆ, ಬಡಗಣಕ್ಕೆ ಒಂದು ದಿನದ ಹಾಯಿಯ ದೂರದಲ್ಲಿ ಪರಂಗಿಯವರ ಗೋವೆ. ವಿಜಯನಗರ ಇಳಿಮುಖವಾಗಿತ್ತು, ಬಿಜಾಪುರದ ಸುಲ್ತಾನರೂ ಸೋಂದೆಯ ಅರಸರೂ ಈ ಕರಾವಳಿಗಾಗಿ ಕೈಚಾಚುತ್ತಿದ್ದರು. ಇಂಥ ಗಡಿಬಿಡಿಯ ಸೀಮೆಯಲ್ಲಿ, ದೊರೆಗಳ ಹೆಸರು ಬರೆದಿಟ್ಟವರು ಯಾರೂ ಲಕ್ಷಿಸದ ಗಾರೆ ಕೆಲಸದವರ ಕೈಯಲ್ಲಿ, ಒಂದು ಕಲೆ ಬೆಳೆಯಿತು. ಬಿಳಿಯ ಗೋಡೆಯ ಮೇಲೆ ಕೆಂಪು ಹಕ್ಕಿ, ಕೆಂಪು ಹೂಬಳ್ಳಿ. ಜನ ಅದನ್ನು ಕಾವಿ ಎಂದರು.

ಅದೇ ಶತಮಾನಗಳಲ್ಲಿ, ಮೂಡಣ ಸಮುದ್ರದ ತುದಿಯ ಜಪಾನಿನಲ್ಲಿ, ಚೆರ್ರಿ ಮರದ ಹಲಗೆಯನ್ನು ಕೆತ್ತಿ ಹಕ್ಕಿ-ಹೂಗಳ ಚಿತ್ರವನ್ನು ಕಾಗದಕ್ಕೆ ಇಳಿಸುವ ವಿದ್ಯೆಯೂ ಬೆಳೆಯಿತು. ಅಲ್ಲಿ ಅದಕ್ಕೆ ಕಚೋ-ಎ ಎಂದು ಹೆಸರು. ಜಗತ್ತಿನ ದೊಡ್ಡ ವಸ್ತುಸಂಗ್ರಹಾಲಯಗಳಲ್ಲಿ ಇಂದು ಆ ಕಾಗದಗಳಿಗೆ ಗೌರವದ ಸ್ಥಾನವಿದೆ. ನಮ್ಮ ಕಾವಿಯ ಹೆಸರು ಕೊಂಕಣ ಕರಾವಳಿಯ ಆಚೆ ಕೇಳಿಬರುವುದೇ ಅಪರೂಪ. ಕುಶಲತೆಯಲ್ಲಿ ಅಣ್ಣತಮ್ಮಂದಿರಂತಿದ್ದ ಎರಡು ಕಲೆಗಳಿಗೆ ಇಷ್ಟು ಬೇರೆ ವಿಧಿ ಒದಗಿದ್ದು ಹೇಗೆ ಎಂಬುದನ್ನು ಹೇಳಬೇಕೆಂದೇ ಈ ಕಥನ.

ಕಥೆಯ ಮೂಲ ಗೋವೆಯಲ್ಲಿದೆ. 1510ರಲ್ಲಿ ಪೋರ್ಚುಗೀಸರ ದಂಡನಾಯಕ ಅಲ್ಬುಕರ್ಕ್ ಗೋವೆಯನ್ನು ಗೆದ್ದ. 1560ರಲ್ಲಿ ಅಲ್ಲಿ ಧರ್ಮವಿಚಾರಣೆಯ ನ್ಯಾಯಾಲಯ ಸ್ಥಾಪನೆಯಾಯಿತು. 1567ರಲ್ಲಿ ಗೋವೆಯ ಸಾಲ್ಸೆಟ್ಟಿ ಸೀಮೆಯ ದೇವಸ್ಥಾನಗಳು ಸಾಲುಸಾಲಾಗಿ ನೆಲಸಮವಾದವು. ಊರು ಬಿಟ್ಟವರು ಕೈಲಾದಷ್ಟನ್ನು ಹೊತ್ತರು. ದೇವರನ್ನು ಮಾತ್ರ ಬಿಡಲಿಲ್ಲ. ರಾತ್ರೋರಾತ್ರಿ ಹೊಳೆ ದಾಟಿದ ಮೂರ್ತಿಗಳು ಹೊಸ ನೆಲದಲ್ಲಿ ಹೊಸ ಗುಡಿ ಕಂಡವು. ಕಾರವಾರ, ಅಂಕೋಲೆ, ಕುಮಟೆ, ಹೊನ್ನಾವರದ ಹಲವು ಸಾರಸ್ವತ ದೇವಸ್ಥಾನಗಳ ಸ್ಥಳಕಥೆ ಹೀಗೆ ಗೋವೆಯಿಂದಲೇ ಶುರುವಾಗುತ್ತದೆ. ಅಂಕೋಲೆಯ ಲಕ್ಷ್ಮೀನಾರಾಯಣ ಮಹಾಮಾಯಾ ದೇವಸ್ಥಾನದ ಕುಳಾವಿಗಳು, ಅಂದರೆ ಆ ದೇವರನ್ನು ಕುಲದೇವರಾಗಿ ನಂಬಿದ ಮನೆತನದವರು, ಇವತ್ತಿಗೂ ತಮ್ಮ ದೇವರು ಬಂದ ದಾರಿಯನ್ನು ನೆನೆಯುತ್ತಾರೆ. ಗುಡಿ ಎದ್ದಮೇಲೆ ಗೋಡೆ ಬೇಕು, ಗೋಡೆಗೆ ಗಾರೆ ಬೇಕು. ಕಾವಿಯ ನೆಲೆಯೂ ಇದೇ ದಾರಿಯನ್ನು ಹಿಡಿದಿದೆ: ಮಹಾರಾಷ್ಟ್ರದ ಕೊಂಕಣ, ಗೋವೆ, ಉತ್ತರ ಕನ್ನಡ, ಉಡುಪಿ. ಆ ಸೀಮೆಯ ಆಚೆಗೆ ಅದು ಹಬ್ಬಲಿಲ್ಲ. ಒಂದೆಡೆ ಚಿಪ್ಪು ತುಂಬಿದ ಅಳಿವೆ, ಮಗ್ಗುಲಲ್ಲೇ ಚಿರೇಕಲ್ಲಿನ ಕೆಂಪು ಗುಡ್ಡ, ಇವೆರಡೂ ಕೂಡಿದ ನೆಲದಲ್ಲೇ ಅದು ಹೆಚ್ಚಾಗಿ ನಿಂತಿತು.

ಗುಡಿಗಳನ್ನು ಕೆಡವಿದ ಅದೇ ಗೋವೆಯಿಂದ ಜಪಾನಿಗೂ ಹಡಗು ಹೋಗುತ್ತಿತ್ತು. 1549ರಲ್ಲಿ ಜಪಾನಿನ ನೆಲ ಮುಟ್ಟಿದ ಪಾದ್ರಿ ಫ್ರಾನ್ಸಿಸ್ ಕ್ಸೇವಿಯರ್ ಹೊರಟದ್ದು ಗೋವೆಯಿಂದ. ಮಲಕ್ಕಾ, ಮಕಾವು, ನಾಗಸಾಕಿ ಎಂದು ವ್ಯಾಪಾರದ ಹಾದಿ ಹಾಸಿತ್ತು. 1582ರಲ್ಲಿ ನಾಗಸಾಕಿಯಿಂದ ನಾಲ್ವರು ಜಪಾನಿ ಹುಡುಗರು ರೋಮಿನ ಪೋಪರ ದರ್ಶನಕ್ಕೆಂದು ಹೊರಟು, ಮರುವರ್ಷ ಗೋವೆಗೆ ಬಂದಿಳಿದರು. ಯುರೋಪು ಸುತ್ತಿ 1587ರಲ್ಲಿ ಮರಳಿ ಗೋವೆ ತಲುಪಿದಾಗ, ಅವರಲ್ಲಿ ಒಬ್ಬನಾದ ಹಾರ ಮಾರ್ತಿನೊ ಲ್ಯಾಟಿನಿನಲ್ಲಿ ಭಾಷಣ ಮಾಡಿದ. 1588ರಲ್ಲಿ ಆ ಭಾಷಣ ಗೋವೆಯಲ್ಲೇ ಅಚ್ಚಾಯಿತು. ಅದೇ ತಂಡ 1590ರಲ್ಲಿ ಅಚ್ಚುಮೊಳೆಯ ಯಂತ್ರವೊಂದನ್ನು ನಾಗಸಾಕಿಗೆ ಒಯ್ದಿತು. ಆದರೆ ಜಪಾನೀಯರು ಮೊಳೆಗಳಿಗೆ ಬಹುಕಾಲ ಒಲಿಯಲಿಲ್ಲ. ಕೆಲವು ದಶಕಗಳಲ್ಲಿ ಮತ್ತೆ ತಮ್ಮ ಹಳೆಯ ಮರದ ಹಲಗೆಗೆ ಮರಳಿದರು. 1639ರಲ್ಲಿ ಪೋರ್ಚುಗೀಸರನ್ನು ಹೊರಗಟ್ಟಿ ಬಾಗಿಲು ಹಾಕಿಕೊಂಡರು. ಅದರ ಹಿಂದಿನ ವರ್ಷವಷ್ಟೇ, 1638ರಲ್ಲಿ, ಕಾರವಾರದಲ್ಲಿ ಇಂಗ್ಲಿಷರ ಕೋಠಿ ತೆರೆದಿತ್ತು.

ಇನ್ನು ಗೋಡೆಯ ಮಾತಿಗೆ ಬರೋಣ. ಕಾವಿಯ ಕೆಲಸ ಶುರುವಾಗುವುದು ಅಳಿವೆಯಲ್ಲಿ. ಉಪ್ಪುನೀರೂ ಸಿಹಿನೀರೂ ಕೂಡುವ ಕೆಸರಿನಲ್ಲಿ ಬಳಚು, ಚಿಪ್ಪಿಕಲ್ಲು ಹೇರಳ. ಆ ಚಿಪ್ಪನ್ನು ರಾಶಿ ಹಾಕಿ ಗೂಡಿನಲ್ಲಿ ಸುಟ್ಟು, ನೀರು ಹೊಯ್ದು ಅರಳಿಸಿದರೆ ಹಾಲಿನಂಥ ಸುಣ್ಣ. ಅದಕ್ಕೆ ಹೊಳೆಯ ಮರಳನ್ನು ಉಪ್ಪಿನಂಶ ಹೋಗುವಂತೆ ತೊಳೆದು ಬೆರೆಸಬೇಕು. ಬೆಲ್ಲದ ನೀರು ಹಾಕಿ ಹದಿನೈದು ದಿನ ಕೊಳೆಯಲು ಬಿಡಬೇಕು. ಆಮೇಲೆ ಕುಟ್ಟುವ ಕೆಲಸ. ಕೈ ಸೋಲುವವರೆಗೆ ಕುಟ್ಟಿ, ಗಾರೆ ಬೆಣ್ಣೆಯ ಹದಕ್ಕೆ ಬಂದಮೇಲಷ್ಟೇ ಅದು ಗೋಡೆಗೆ ಏರುತ್ತದೆ. ಬಿಳಿಯ ಗಾರೆಯ ಮೇಲೆ ಕಾವಿಯ ಪದರು ಬರುತ್ತದೆ. ಚಿರೇಕಲ್ಲಿನ ಸೀಮೆಯ ಕೆಮ್ಮಣ್ಣಿನಿಂದ ತೆಗೆದ ಹುರಮಂಜಿಯನ್ನು ನುಣ್ಣಗೆ ಅರೆದು, ಸುಣ್ಣದೊಂದಿಗೆ ಕಲಸಿ, ಹಸಿ ಗೋಡೆಗೆ ತೆಳುವಾಗಿ ಬಳಿಯುತ್ತಾರೆ. ಈಗ ಗಾರೆ ಹಚ್ಚಿದ ಭಾಗವೆಲ್ಲ ಕೆಂಪು.

ಮುಂದಿನ ಕೆಲಸಕ್ಕೆ ಕುಂಚ ಬೇಡ. ಚಿತ್ರಿಗ ಕೈಗೆ ತೆಗೆದುಕೊಳ್ಳುವುದು ಓಲೆಗರಿಯ ಮೇಲೆ ಬರೆಯುವಂಥ ಮೊನಚಾದ ಉಕ್ಕಿನ ಕಂಟ. ವೃತ್ತಕ್ಕೆ ಕೈವಾರ, ನೇರಗೆರೆಗೆ ದಾರ. ಗೋಡೆ ಇನ್ನೂ ತೇವವಾಗಿರುವಾಗಲೇ ಕೆಂಪು ಪದರನ್ನು ಗೀರಿ, ಬೇಡದ ಭಾಗವನ್ನು ಹೆರೆದು ತೆಗೆಯುತ್ತಾನೆ. ಹೆರೆದಲ್ಲೆಲ್ಲ ಅಡಿಯ ಬಿಳುಪು ಮೇಲೆ ಬರುತ್ತದೆ. ಉಳಿಸಿದ ಕೆಂಪು ನವಿಲಾಗುತ್ತದೆ, ಗೀರಿದ ಬಿಳಿ ಅದರ ಗರಿಯ ಎಳೆಗಳಾಗುತ್ತದೆ. ಇಲ್ಲಿ ಅಳಿಸಿ ತಿದ್ದುವ ಅವಕಾಶವಿಲ್ಲ. ಒಂದು ಗೆರೆ ಜಾರಿದರೆ ಆ ಭಾಗದ ಗಾರೆಯನ್ನೇ ಕಿತ್ತು ಹೊಸದಾಗಿ ಹಚ್ಚಬೇಕು. ಆದ್ದರಿಂದ ಒಂದು ದಿನಕ್ಕೆ ಒಂದು ಕೈ ಎಷ್ಟು ಗೀರಬಲ್ಲದೋ ಅಷ್ಟೇ ಅಗಲಕ್ಕೆ ಗಾರೆ ಹಚ್ಚಬೇಕಾಗುತ್ತದೆ. ಗೀರಿದ ಮೇಲೆ ದಿನಗಟ್ಟಲೆ ಗೋಡೆಗೆ ನೀರು ಚಿಮುಕಿಸಿ, ನುಣುಪಾದ ಹೊಳೆಗಲ್ಲಿನಿಂದ ತಿಕ್ಕಿ ತಿಕ್ಕಿ ಹೊಳಪು ತರುತ್ತಾರೆ.

ಸುಟ್ಟಾಗ ಚಿಪ್ಪು ಕಳೆದುಕೊಂಡ ಇಂಗಾಲದ ಅನಿಲವನ್ನು ಗೋಡೆಯ ಸುಣ್ಣ ಗಾಳಿಯಿಂದ ನಿಧಾನವಾಗಿ ಮರಳಿ ಹೀರುತ್ತದೆ. ವರ್ಷಗಳು ಉರುಳಿದಂತೆ ಸುಣ್ಣ ಮತ್ತೆ ಸುಣ್ಣಕಲ್ಲಾಗಿ, ಅಂದರೆ ಚಿಪ್ಪು ಯಾವ ದ್ರವ್ಯದ್ದೋ ಅದೇ ದ್ರವ್ಯವಾಗಿ ಗಟ್ಟಿಗೊಳ್ಳುತ್ತದೆ. ಕೆಂಪು ಬಣ್ಣ ಅದರೊಳಗೆ ಸೆರೆಯಾಗುತ್ತದೆ. ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ, ಉಪ್ಪುಗಾಳಿ ಬೀಸುವ ಈ ಕರಾವಳಿಯಲ್ಲಿ ಗೋಡೆಯ ಮೇಲೆ ಬರಿದೆ ಬಳಿದ ಬಣ್ಣ ಎಷ್ಟು ವರ್ಷ ತಾಳೀತು? ಕಾವಿ ಶತಮಾನಗಳನ್ನು ತಾಳಿತು. ಆಷಾಢದ ಮಳೆಯನ್ನು ಬಲ್ಲವರು ಕಂಡುಕೊಂಡ ವಿದ್ಯೆ ಇದು.

ಆ ಗೋಡೆಗಳ ಮೇಲೆ ಏನಿತ್ತು? ರಾಮಾಯಣ, ಮಹಾಭಾರತದ ಪ್ರಸಂಗಗಳು, ದಶಾವತಾರ, ದ್ವಾರಪಾಲಕರು ಮುಖ್ಯ ಭಾಗದಲ್ಲಿ. ಅವುಗಳ ಸುತ್ತ, ಮೇಲೆ, ಕೆಳಗೆ, ಕಿಟಕಿಯ ಚೌಕಟ್ಟಿನ ಗುಂಟ, ತುಳಸಿ ವೃಂದಾವನದ ಮೈಮೇಲೆ ಹಕ್ಕಿ ಮತ್ತು ಹೂವಿನ ರಾಜ್ಯ. ಎದುರುಬದುರು ಕುಳಿತ ಗಿಳಿಜೋಡಿ, ಕತ್ತು ಹಿಂದಿರುಗಿಸಿದ ನವಿಲು, ಬಾಯಲ್ಲಿ ಬಳ್ಳಿ ಹಿಡಿದ ಹಂಸ, ಎರಡು ತಲೆಯ ಗಂಡಭೇರುಂಡ. ತಾವರೆ ಮೇಲಿನಿಂದ ನೋಡಿದಂತೆ ಪೂರ್ತಿ ಅರಳಿ, ಕೈವಾರದಲ್ಲಿ ಅಳೆದ ದಳಗಳೊಂದಿಗೆ ವೃತ್ತವಾಗಿ ನಿಂತಿರುತ್ತದೆ. ಹೂಬಳ್ಳಿ ಗೋಡೆಯುದ್ದಕ್ಕೂ ಓಡಿ, ಪ್ರತಿ ತಿರುವಿನಲ್ಲೂ ಒಂದು ಮೊಗ್ಗನ್ನು ಬಿಡುತ್ತದೆ. ದೇವರ ಚಿತ್ರದಲ್ಲಿ ಶಾಸ್ತ್ರಕ್ಕೆ ಕಟ್ಟುಬಿದ್ದ ಕೈ ಇಂಥ ಅಂಚಿನ ಬಳ್ಳಿಯಲ್ಲಿ ಬಿಡುಗಡೆ ಪಡೆಯಿತು ಎಂದು ನನಗೆ ದೃಢವಾಗಿ ಅನ್ನಿಸುತ್ತದೆ. ಅವತಾರದ ಮೂರ್ತಿಗಳಿಗಿಂತ ಅಂಚಿನ ಗಿಳಿಯ ಕೊಕ್ಕಿನಲ್ಲಿ ಗೀರು ಹೆಚ್ಚು ಲವಲವಿಕೆಯಿಂದ ಓಡುತ್ತದೆ.

ಆದರೂ ಈ ಹಕ್ಕಿಗಳು ಸುತ್ತಲಿನ ಕಾಡಿನಿಂದ ನೇರ ಬಂದವಲ್ಲ. ಕಾಳಿ ಕಣಿವೆಯಲ್ಲಿ ಮಂಗಟ್ಟೆ ಹಾರುತ್ತದೆ, ಅಂಕೋಲೆಯ ಕಡಲ ಮೇಲೆ ಬಿಳಿಹೊಟ್ಟೆಯ ಕಡಲ ಹದ್ದು ಸುತ್ತುತ್ತದೆ. ಕಾವಿಯವನು ಬಹುತೇಕ ಅವನ್ನು ಬಿಟ್ಟು, ಅಜ್ಜನ ಕಾಲದಿಂದ ಬಂದ ನವಿಲು, ಹಂಸ, ಗಿಳಿಯನ್ನೇ ಹಿಡಿದ. ಅವನಿಗೆ ಹಕ್ಕಿಯೆಂದರೆ ಮಂಗಳದ ಗುರುತು. ಜಾತಿಯ ವಿವರ ಅವನ ಕೆಲಸವಾಗಿರಲಿಲ್ಲ.

ಜಪಾನಿನಲ್ಲಿ ದಾರಿ ಬೇರೆಯಾಯಿತು. ಚೀನಾದ ಹಳೆಯ ಹಕ್ಕಿ-ಹೂವಿನ ಚಿತ್ರಪರಂಪರೆಯನ್ನು ಕಲಿತ ಆ ನಾಡಿನಲ್ಲಿ, ಎಡೊ ಅಂದರೆ ಇಂದಿನ ಟೋಕಿಯೊ, ಹದಿನೆಂಟನೇ ಶತಮಾನದಲ್ಲಿ ಲೋಕದ ಅತಿದೊಡ್ಡ ನಗರಗಳಲ್ಲಿ ಒಂದಾಗಿ ಬೆಳೆಯಿತು. ಅಲ್ಲಿನ ವರ್ತಕರಿಗೆ, ಕುಶಲಕರ್ಮಿಗಳಿಗೆ ಕಡಿಮೆ ಬೆಲೆಯ ಚಿತ್ರ ಬೇಕಿತ್ತು. ಮೊದಮೊದಲು ಕಪ್ಪು ಗೆರೆ ಮಾತ್ರ. ಆಮೇಲೆ ಅದರ ಮೇಲೆ ಕೈಯಲ್ಲಿ ಹಚ್ಚಿದ ಕಿತ್ತಳೆಗೆಂಪು. 1765ರ ಸುಮಾರಿಗೆ ಚಿತ್ರಕಾರ ಸುಜುಕಿ ಹರುನೊಬುವಿನ ಕಾಲದಲ್ಲಿ ಬಣ್ಣಕ್ಕೊಂದು ಹಲಗೆ ಮಾಡಿ, ಮೂಲೆಯ ಗುರುತಿಗೆ ಕಾಗದವನ್ನು ಕೂಡಿಸಿ, ಹಲವು ಬಣ್ಣಗಳನ್ನು ಒಂದರ ಮೇಲೊಂದು ಒತ್ತುವ ವಿದ್ಯೆ ಪಕ್ವವಾಯಿತು. ಕೆಲಸ ನಾಲ್ವರದು. ಪ್ರಕಾಶಕ ಹಣ ಹೂಡುತ್ತಾನೆ, ಚಿತ್ರಕಾರ ಬರೆಯುತ್ತಾನೆ, ಕೆತ್ತುವವನು ಕಾಡುಚೆರ್ರಿಯ ಹಲಗೆಗೆ ಚಿತ್ರವನ್ನು ಅಂಟಿಸಿ ಗೆರೆಯ ಎರಡು ಮಗ್ಗುಲನ್ನೂ ಕೆತ್ತಿ ತೆಗೆಯುತ್ತಾನೆ, ಒತ್ತುವವನು ಬಣ್ಣ ಸವರಿ, ಬಿದಿರಿನ ಹೊದಿಕೆಯ ದುಂಡನೆ ಬಿಲ್ಲೆಯಿಂದ ಕಾಗದದ ಬೆನ್ನನ್ನು ಉಜ್ಜುತ್ತಾನೆ. ಹೆಸರು ಮಾತ್ರ ಹೆಚ್ಚಾಗಿ ಚಿತ್ರಕಾರನದೇ ಉಳಿಯಿತು. ಹಿಮದ, ಬೆಳ್ಳಕ್ಕಿಯ ಬಿಳುಪಿಗೆ ಅವರೂ ಚಿಪ್ಪಿನ ಪುಡಿಯನ್ನು ಬಳಸಿದರು. ಕೆಂಪಿಗೆ ಕುಸುಬೆ ಹೂವಿನ ರಸದ ಜೊತೆಗೆ ನಮ್ಮ ಹುರಮಂಜಿಯ ಬಳಗದ್ದೇ ಆದ ಕಬ್ಬಿಣದ ಮಣ್ಣನ್ನೂ.

ಕಾವಿಗೆ ಅತಿ ಹತ್ತಿರ ಬರುವ ಜಪಾನಿ ಕೃತಿಯನ್ನು ಹೆಸರಿಸೆಂದರೆ ನಾನು ಇತೋ ಜಾಕುಚುವಿನ ಗೆನ್ಪೊ ಯೋಕ ಎಂಬ ಪುಸ್ತಕವನ್ನು ಹೆಸರಿಸುತ್ತೇನೆ. ಕ್ಯೋಟೊ ನಗರದ ಕಾಯಿಪಲ್ಲೆ ಸಗಟು ವ್ಯಾಪಾರದ ಮನೆತನದಲ್ಲಿ ಹುಟ್ಟಿ, ಅಂಗಳದಲ್ಲಿ ಕೋಳಿ ಸಾಕಿ ಅವನ್ನೇ ನೋಡುತ್ತ ಚಿತ್ರ ಕಲಿತವನೆಂದು ಪ್ರಸಿದ್ಧನಾದ ಜಾಕುಚು, 1768ರಲ್ಲಿ ಗಿಡ, ಹೂ, ಹುಳುಗಳ ಆ ಸಂಪುಟವನ್ನು ಹೊರತಂದ. ಕಲ್ಲಿನ ಶಾಸನದ ಪಡಿಯಚ್ಚು ತೆಗೆಯುವ ಕ್ರಮದಲ್ಲಿ ಅದನ್ನು ಮಾಡಿದ್ದಾನೆ. ಕೆತ್ತಿದ ತಗ್ಗೇ ಚಿತ್ರ. ಸುತ್ತಲೆಲ್ಲ ಕಡುಗಪ್ಪು, ಕೆತ್ತಿದ ಎಲೆ ಬೆಳ್ಳಗೆ. ಹುಳು ತಿಂದ ಎಲೆಯ ತೂತನ್ನೂ ಅವನು ಬಿಟ್ಟಿಲ್ಲ. ಕಪ್ಪಿನ ಜಾಗದಲ್ಲಿ ಕೆಂಪನ್ನು ಕಲ್ಪಿಸಿಕೊಂಡರೆ ಅದು ಕರಾವಳಿಯ ಗೋಡೆಯೇ. ಅವನು ಎಲೆ ಕೆತ್ತಿಸುತ್ತಿದ್ದ ಆ ದಶಕದಲ್ಲೇ ಹೈದರಾಲಿ ಸೋಂದೆಯನ್ನು ಗೆದ್ದ. ಅಲ್ಲಿನ ಅರಸು ಗೋವೆಗೆ ಓಡಿಹೋದ. ಕಾರವಾರ, ಅಂಕೋಲೆಗಳಿಗೆ ದೊರೆ ಬದಲಾದ.

ಎಡೊದ ಹೆಸರಾಂತ ಚಿತ್ರಕಾರರಾದ ಹೊಕುಸಾಯಿ ಮತ್ತು ಹಿರೋಶಿಗೆ ಬಂದದ್ದು ಇನ್ನೂ ಆಮೇಲೆ. 1830ರ ದಶಕದಲ್ಲಿ ಯುರೋಪಿನಿಂದ ಬಂದ ಪ್ರಷ್ಯನ್ ನೀಲಿ ಅಗ್ಗವಾಯಿತು. ಆ ನೀಲಿಯ ಮೇಲೆ ಹೊಕುಸಾಯಿ ಜೋತುಬಿದ್ದ ಚೆರ್ರಿಯ ಕೊಂಬೆಯನ್ನು ಇಳಿಬಿಟ್ಟು, ಅದಕ್ಕೆ ತಲೆಕೆಳಗಾಗಿ ಕಚ್ಚಿಕೊಂಡ ಒಂದು ಪುಟ್ಟ ಹಕ್ಕಿಯನ್ನು ಕೂರಿಸಿದ. ಹಕ್ಕಿಯ ಭಾರಕ್ಕೆ ಕೊಂಬೆ ಎಷ್ಟು ಬಾಗುತ್ತದೆ ಎಂಬುದು ಕಣ್ಣಿಗೆ ಗೊತ್ತಾಗುತ್ತದೆ. ಅವನ ದೊಡ್ಡ ಹೂವಿನ ಮಾಲೆಯಲ್ಲಿ ಗಸಗಸೆ ಹೂ ಗಾಳಿಗೆ ಮಲಗುತ್ತದೆ, ಪಿಯೋನಿ ಹೂವಿನ ಪಕ್ಕ ಚಿಟ್ಟೆಯ ರೆಕ್ಕೆ ಅದೇ ಗಾಳಿಗೆ ತಿರುಚುತ್ತದೆ. ಕಾವಿಯ ಗಿಳಿಗೆ ಗಾಳಿಯಿಲ್ಲ, ಋತುವಿಲ್ಲ. ಅದು ನಿತ್ಯದ ಗಿಳಿ. ಎಡೊದ ಹಕ್ಕಿ ಒಂದು ತಿಂಗಳಿನ, ಒಂದು ಗಳಿಗೆಯ ಹಕ್ಕಿ. ಎರಡರಲ್ಲಿ ಹೆಚ್ಚು ಯಾವುದು ಎಂದು ತೂಗಲು ನನಗೆ ಮನಸ್ಸಿಲ್ಲ. ಒಂದು ಪ್ರದಕ್ಷಿಣೆ ಹಾಕುವವನ ಕಣ್ಣಿಗೆ, ಇನ್ನೊಂದು ಚಾಪೆಯ ಮೇಲೆ ಕುಳಿತು ಕೈಯಲ್ಲಿ ಹಿಡಿದು ನೋಡುವವನ ಕಣ್ಣಿಗೆ ಮಾಡಿದ್ದು.

ವಿಧಿ ಬೇರೆಯಾದದ್ದು ಆ ಕೈಯಲ್ಲೇ. ಚೆರ್ರಿಯ ಹಲಗೆ ಸಾವಿರಾರು ಪ್ರತಿ ಕೊಡುತ್ತದೆ. ಒಂದು ಪ್ರತಿಯ ಬೆಲೆ ಹೆಚ್ಚುಕಡಿಮೆ ಒಂದು ಬಟ್ಟಲು ನೂಡಲ್ಸಿನದಷ್ಟೇ. ಬೆಂಕಿಗೆ, ಭೂಕಂಪಕ್ಕೆ ಸಿಕ್ಕು ನೂರು ಹಾಳೆ ಹೋದರೂ ಇನ್ನೆಲ್ಲೋ ಹತ್ತು ಉಳಿದವು. ಜಪಾನು ಬಾಗಿಲು ತೆರೆದಮೇಲೆ, 1867ರ ಪ್ಯಾರಿಸ್ ಪ್ರದರ್ಶನದ ಹೊತ್ತಿಗೆ ಅವು ಯುರೋಪಿನ ಚಿತ್ರಕಾರರ ಮನೆ ಸೇರಿದ್ದವು. ಇಪ್ಪತ್ತನೇ ಶತಮಾನದಲ್ಲಿ ಒಹಾರ ಕೋಸೊನ್ ಎಂಬಾತ ಹಕ್ಕಿ-ಹೂಗಳನ್ನೇ ಬದುಕಿನ ಕೆಲಸವಾಗಿಸಿಕೊಂಡು ಅಮೆರಿಕದ ಪೇಟೆಗೆ ಚಿತ್ರ ಕಳಿಸಿದ. ಕಾವಿಗೆ ಪ್ರತಿಯಿಲ್ಲ. ಗೋಡೆ ಒಂದೇ, ಚಿತ್ರ ಒಂದೇ. ಅದು ಊರಿನ ದೇವರಿಗೆ ಸೇರಿದ್ದು, ಊರು ಬಿಟ್ಟು ಹೋಗದ್ದು. ಗೋಡೆ ಬಿದ್ದ ದಿನ ಅದರ ಮೇಲಿನ ನವಿಲೂ ಲೋಕದಿಂದಲೇ ಹೋಯಿತು.

ಹತ್ತೊಂಬತ್ತನೇ ಶತಮಾನ ಕಾರವಾರಕ್ಕೆ ಹೊಸ ಮುಖ ತಂದಿತು. 1862ರಲ್ಲಿ ಉತ್ತರ ಕನ್ನಡ ಮದರಾಸು ಬಿಟ್ಟು ಮುಂಬಯಿ ಪ್ರಾಂತ್ಯಕ್ಕೆ ಸೇರಿತು; ಕಡಲದಂಡೆಯ ಕಾರವಾರ ಜಿಲ್ಲೆಯ ಕೇಂದ್ರವಾಗಿ ಎದ್ದಿತು. ಹಕ್ಕಿಯನ್ನು ಮಂಗಳದ ಗುರುತಾಗಿ ಅಲ್ಲದೆ ಹಕ್ಕಿಯಾಗಿಯೇ ನೋಡುವ ಕಣ್ಣುಗಳೂ ಆಗ ಬಂದವು. ಕಲೆಕ್ಟರ್ ಜೇಮ್ಸ್ ಡೇವಿಡ್ಸನ್ ಉತ್ತರ ಕನ್ನಡದ ಹಕ್ಕಿಗಳ ಪಟ್ಟಿ ಬರೆದ. ಸುಂಕ ಮತ್ತು ಉಪ್ಪಿನ ಇಲಾಖೆಯ ಎಡ್ವರ್ಡ್ ಹ್ಯಾಮಿಲ್ಟನ್ ಐಟ್ಕನ್ ಇಲ್ಲಿನ ಕಾಡಿನ ಜೀವಗಳ ಮೇಲೆ ಪ್ರಬಂಧ ಬರೆದ. ಅರಣ್ಯಾಧಿಕಾರಿ ಟಿ. ಆರ್. ಬೆಲ್ ಚಿಟ್ಟೆ, ಪತಂಗ, ಗಿಡಗಳನ್ನು ಸಂಗ್ರಹಿಸುತ್ತ ನಿವೃತ್ತಿಯ ನಂತರವೂ ಕಾರವಾರದಲ್ಲೇ ನಿಂತು 1948ರಲ್ಲಿ ಇಲ್ಲೇ ತೀರಿಕೊಂಡ.

1883ರಲ್ಲಿ ಇಲ್ಲಿಗೆ ಇನ್ನೊಬ್ಬರು ಬಂದರು. ಜಿಲ್ಲಾ ನ್ಯಾಯಾಧೀಶ ಸತ್ಯೇಂದ್ರನಾಥ ಟಾಗೋರರ ತಮ್ಮ, ಇಪ್ಪತ್ತೆರಡರ ರವೀಂದ್ರನಾಥ. ಕಾರವಾರದ ಅರ್ಧಚಂದ್ರದ ಕಡಲತೀರ, ಗಾಳಿಮರದ ತೋಪು, ಬೆಳದಿಂಗಳಲ್ಲಿ ದೋಣಿಯೇರಿ ಕಾಳಿ ನದಿಯಲ್ಲಿ ಹೋದದ್ದನ್ನು ಅವರು ತಮ್ಮ ಜೀವನಸ್ಮೃತಿಯಲ್ಲಿ ನೆನೆದಿದ್ದಾರೆ. ‘ಪ್ರಕೃತಿರ್ ಪ್ರತಿಶೋಧ್’ ನಾಟಕವನ್ನು ಬರೆದದ್ದೂ ಇಲ್ಲಿಯೇ. ಅದೇ ರವೀಂದ್ರರು 1916ರ ಮೇ ತಿಂಗಳಲ್ಲಿ ಎಳೆಯ ಚಿತ್ರಕಾರ ಮುಕುಲ್ ದೇ ಅವರನ್ನು ಕರೆದುಕೊಂಡು ಕಲ್ಕತ್ತೆಯಿಂದ ಜಪಾನಿಗೆ ಹೊರಟರು. ಯೊಕೊಹಾಮದಲ್ಲಿ ಹಾರ ಎಂಬ ರೇಷ್ಮೆ ವ್ಯಾಪಾರಿಯ ಅತಿಥಿಯಾಗಿ ಅಲ್ಲಿನ ಚಿತ್ರಕಲೆಯನ್ನು ಕಣ್ತುಂಬ ನೋಡಿದರು. ಆ ವರ್ಷ ಪ್ರಕಟವಾದ ‘ಸ್ಟ್ರೇ ಬರ್ಡ್ಸ್’ ಕವಿತೆಗಳನ್ನು ಅದೇ ಹಾರನಿಗೆ ಅರ್ಪಿಸಿದರು. ಕಾರವಾರದ ಕಡಲತೀರಕ್ಕೆ ಅವರ ಹೆಸರಿದೆ. ಆ ಕಡಲ ನೆರೆಯ ಗುಡಿಗಳ ಕೆಂಪು ಹಕ್ಕಿಗೆ ಮಾತ್ರ ಅಂಥ ಒಬ್ಬ ಹಿರಿಯ ನೋಡುಗ ಆ ಕಾಲದಲ್ಲಿ ಒದಗಲಿಲ್ಲ. ಇದನ್ನು ನೆನೆದಾಗಲೆಲ್ಲ ನನಗೆ ನೋವಾಗುತ್ತದೆ.

ಏಕೆಂದರೆ ಆ ಹೊತ್ತಿಗಾಗಲೇ ಕಾವಿಯ ಕೈಗಳು ವಿರಳವಾಗತೊಡಗಿದ್ದವು. ಸಿಮೆಂಟು ಬಂತು. ಹದಿನೈದು ದಿನ ಕೊಳೆಸಿ ಕುಟ್ಟುವ ಗಾರೆಯ ಜಾಗವನ್ನು ಒಂದೇ ದಿನದಲ್ಲಿ ಗಟ್ಟಿಯಾಗುವ ಚೀಲದ ಪುಡಿ ಹಿಡಿಯಿತು. ಡಬ್ಬದ ಬಣ್ಣ ಬಂತು. ಹಳೆಯ ಗೋಡೆ ಮಾಸಿದೆ ಎಂದು ಭಕ್ತಿಯಿಂದಲೇ ಅದರ ಮೇಲೆ ಎಣ್ಣೆಬಣ್ಣ ಬಳಿದರು, ನುಣುಪು ಹಂಚು ಅಂಟಿಸಿದರು. ಜೀರ್ಣೋದ್ಧಾರ ಎಂಬ ಪುಣ್ಯಕಾರ್ಯದ ಹೆಸರಿನಲ್ಲಿ ಎಷ್ಟೋ ಗರ್ಭಗುಡಿಯ ಹೊರಗೋಡೆಗಳು ಹಾರೆಗೆ ಸಿಕ್ಕವು. ಇದರಲ್ಲಿ ಯಾರ ದುರುದ್ದೇಶವೂ ಇರಲಿಲ್ಲ. ಗೋಡೆಯ ಮೇಲಿರುವುದು ಒಂದು ಕಲೆ, ಅದಕ್ಕೊಂದು ಹೆಸರಿದೆ, ಅದು ಮತ್ತೆ ಸಿಗದು ಎಂದು ಹೇಳುವವರು ಊರಿನಲ್ಲಿ ಇರಲಿಲ್ಲ.

ಹೇಳಿದವರು ಹೊನ್ನಾವರದ ಡಾ. ಕೃಷ್ಣಾನಂದ ಕಾಮತರು. 1934ರಲ್ಲಿ ಹುಟ್ಟಿ, ಅಮೆರಿಕದಲ್ಲಿ ಕೀಟಶಾಸ್ತ್ರ ಓದಿ ಬಂದು, ಕ್ಯಾಮೆರಾ ಹೆಗಲಿಗೇರಿಸಿ ಊರೂರು ತಿರುಗಿದ ಅವರು ಗುಡಿಗಳ ಕಾವಿ ಚಿತ್ರಗಳನ್ನು ಫೋಟೊ ತೆಗೆದರು, ರೇಖೆಗಳಲ್ಲಿ ಪ್ರತಿ ಮಾಡಿದರು, ಮಾಡುವ ಕ್ರಮವನ್ನು ಬರೆದಿಟ್ಟರು, ‘ಕಾವಿ ಕಲೆ’ ಎಂಬ ಪುಸ್ತಕವನ್ನು ಕನ್ನಡಕ್ಕೆ ಕೊಟ್ಟರು. 2002ರಲ್ಲಿ ಅವರು ತೀರಿಕೊಂಡರು. ಹುಳುವಿನ ರೆಕ್ಕೆಯ ನರಗಳನ್ನು ಎಣಿಸಿದ ಕಣ್ಣೇ ಗೋಡೆಯ ಬಳ್ಳಿಯ ಗೀರುಗಳನ್ನೂ ಎಣಿಸಿತು. ಪ್ರತಿಯಿಲ್ಲದ ಕಲೆಗೆ ಅವರ ಕೈಯಿಂದ ಪ್ರತಿ ಸಿಕ್ಕಿತು.

ಉಳಿದಿರುವ ಗೋಡೆಗಳಲ್ಲಿ ಶಿರಸಿಯ ಮಾರಿಕಾಂಬಾ ದೇವಸ್ಥಾನದ ಕಾವಿ ಹೆಚ್ಚು ಪ್ರಸಿದ್ಧ. ದರ್ಶನಕ್ಕೆ ಹೋದವರು ಒಮ್ಮೆ ದೇವಿಯಿಂದ ಕಣ್ಣು ತೆಗೆದು ಗೋಡೆಯನ್ನೂ ನೋಡಬೇಕು. ಉಡುಪಿಯ ಕಡೆಯ ಕಲಾವಿದ ಡಾ. ಜನಾರ್ದನ ಹಾವಂಜೆಯವರು ಹಳೆಯ ಕ್ರಮವನ್ನು ಅಭ್ಯಾಸ ಮಾಡಿ ಕಾವಿಯನ್ನು ಮತ್ತೆ ಬಳಕೆಗೆ ತಂದಿದ್ದಾರೆ, ಎಳೆಯರಿಗೆ ಕಲಿಸುತ್ತಿದ್ದಾರೆ. ಕಾರವಾರ, ಅಂಕೋಲೆಯಲ್ಲಿ ಯಾರಾದರೂ ಹೊಸ ತುಳಸಿಕಟ್ಟೆಗೆ ಕಾವಿ ಬರೆಸಬೇಕೆಂದರೆ ಸಾಮಗ್ರಿಗೆ ದೂರ ಹೋಗಬೇಕಿಲ್ಲ. ಅಳಿವೆಯಲ್ಲಿ ಚಿಪ್ಪಿದೆ, ಗುಡ್ಡದಲ್ಲಿ ಕೆಮ್ಮಣ್ಣಿದೆ, ಅಂಗಡಿಯಲ್ಲಿ ಬೆಲ್ಲವಿದೆ. ಗಾರೆ ಹದಗೊಳ್ಳಲು ಹದಿನೈದು ದಿನ ಕಾಯಬೇಕು.